ಇಂಟರ್ನೆಟ್ಟಿಗೂ ಒಂದು ಸೊಸೈಟಿ

ಹೊಸದಾಗಿ ಸೇರಿದ ಸದಸ್ಯರು ಇಷ್ಟು. 10 ಗಿಗಾಬಿಟ್ ಪೋರ್ಟು ಬಿಟ್ಟು 100 ಗಿಗಾಬಿಟ್‌ಗೆ ಏರಿದವರು ಇಷ್ಟು. ಮಂಗಳವಾರ ನಡುರಾತ್ರಿ ಇಂಥ ಕಟ್ಟಡದ ಇಂಥ ಸ್ವಿಚ್ಚಿಗೆ ಹೊಸ ಸಾಫ್ಟ್‌ವೇರ್ ಹಾಕುತ್ತೇವೆ, ಸ್ವಲ್ಪ ಹೊತ್ತು ಸಂಪರ್ಕ ಇರುವುದಿಲ್ಲ. ಸಂಸತ್ತಿನ ಮುಂದಿರುವ ಮಸೂದೆಯ ಇಂಥ ಕಲಮಿನಿಂದ ನಮಗೆ ತೊಂದರೆಯಾಗಬಹುದು, ಅಭಿಪ್ರಾಯ ತಿಳಿಸಿ. ವಾರ್ಷಿಕ ಮಹಾಸಭೆ ಇಂಥ ದಿನ, ನಿರ್ದೇಶಕರ ಎರಡು ಸ್ಥಾನ ತೆರವಾಗಲಿವೆ, ನಾಮಪತ್ರಕ್ಕೆ ಕೊನೆಯ ದಿನ ಇಂಥದ್ದು.

ಇಂಟರ್ನೆಟ್ ಕಂಪನಿಗಳು ತಾವೇ ಕಟ್ಟಿಕೊಂಡು ತಾವೇ ನಡೆಸುವ ಸಂಘಗಳ ತಿಂಗಳ ವರದಿ ಹೆಚ್ಚುಕಡಿಮೆ ಹೀಗಿರುತ್ತದೆ. ಲಂಡನ್ನಿನದಾಗಲಿ, ಆಮ್‌ಸ್ಟರ್‌ಡ್ಯಾಮಿನದಾಗಲಿ, ಧಾಟಿ ಒಂದೇ. ಇದಕ್ಕಿಂತ ಸಪ್ಪೆ ಓದು ಇನ್ನೊಂದಿದ್ದರೆ ಅದು ನಮ್ಮೂರ ಸೊಸೈಟಿಯ ವಾರ್ಷಿಕ ವರದಿ. ಆ ಪುಸ್ತಿಕೆ ಬಂದ ದಿನ ಅಪ್ಪ ಜಗುಲಿಯಲ್ಲಿ ಕೂತು, ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ, ಅಢಾವೆ ಪತ್ರಿಕೆಯ ಸಾಲುಸಾಲನ್ನೂ ಓದುತ್ತಿದ್ದರು. ‘ಇದ್ರಲ್ಲಿ ಓದೋಕೆ ಏನಿದೆಯಪ್ಪ?’ ಅಂದರೆ, ‘ನಮ್ಮ ದುಡ್ಡು ಎಲ್ಲಿಗೆ ಹೋಯ್ತು ಅಂತ ಇದೆ ಮಾರಾಯ’ ಅನ್ನುತ್ತಿದ್ದರು. ಇಂಟರ್ನೆಟ್ ಸಂಘಗಳ ವರದಿ ಓದುವ ಚಟ ನನಗೆ ಹತ್ತಿದ್ದು ಎಷ್ಟೋ ವರ್ಷಗಳ ಮೇಲೆ. ಓದುತ್ತ ಹೋದಂತೆ ಗೊತ್ತಾಯಿತು: ನಾವು ದಿನಬೆಳಗಾದರೆ ಬಳಸುವ ಈ ಜಾಲದ ಮುಖ್ಯ ಕೂಡುರಸ್ತೆಗಳಲ್ಲಿ ಹಲವನ್ನು ಕಾಯುತ್ತಿರುವುದು ಅಪ್ಪನ ಸೊಸೈಟಿಯಂಥವೇ ಸೊಸೈಟಿಗಳು.

ಲಂಡನ್ನಿನಿಂದಲೇ ಶುರುಮಾಡೋಣ. 1990ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಇಂಟರ್ನೆಟ್ ಮಾರುವವರು ಬೆರಳೆಣಿಕೆಯಷ್ಟು ಮಂದಿ. ಕೇಂಬ್ರಿಜ್‌ನ ಪೈಪೆಕ್ಸ್ ಕಂಪನಿಗಳಿಗೆ ಸಂಪರ್ಕ ಕೊಡುತ್ತಿತ್ತು. ಡೀಮನ್ ಎಂಬ ಇನ್ನೊಂದು ಸಂಸ್ಥೆ 1992ರಿಂದ ತಿಂಗಳಿಗೆ 10 ಪೌಂಡಿಗೆ ಮನೆಗಳಿಗೂ ಕೊಡತೊಡಗಿತು. ವಿಶ್ವವಿದ್ಯಾಲಯಗಳಿಗೆ ಜಾನೆಟ್ ಎಂಬ ಬೇರೆಯದೇ ಜಾಲವಿತ್ತು. ಆಗಿನ ಇಂಟರ್ನೆಟ್ಟಿನ ಬಹುಪಾಲು ಅಮೆರಿಕದಲ್ಲಿದ್ದದ್ದರಿಂದ ವ್ಯಾಪಾರಿ ಕಂಪನಿಗಳೆಲ್ಲ ಆ ಕಡೆಗೇ ತಂತಿ ಎಳೆದುಕೊಂಡಿದ್ದವು. ಪಕ್ಕದ ಮನೆಯವನ ಕಡೆಗೆ ಯಾರೂ ಎಳೆದಿರಲಿಲ್ಲ. ಹಾಗಾಗಿ ಲಂಡನ್ನಿನ ಒಂದು ಕಂಪನಿಯ ಗಿರಾಕಿ ಅದೇ ಬೀದಿಯ ಇನ್ನೊಂದು ಕಂಪನಿಯ ಗಿರಾಕಿಗೆ ಈಮೇಲ್ ಕಳಿಸಿದರೆ ಅದು ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋಗಿ, ಅಲ್ಲಿ ಕೈ ಬದಲಿಸಿ, ಮತ್ತೆ ಅಟ್ಲಾಂಟಿಕ್ ದಾಟಿ ಬರುತ್ತಿತ್ತು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದೆಂದರೆ ಇದೇ. ತಡವಾಗುತ್ತಿದ್ದದ್ದನ್ನು ಹೇಗೋ ಸಹಿಸಬಹುದಿತ್ತು. ಆದರೆ ಈ ಸುತ್ತಾಟದ ಬಾಡಿಗೆಯನ್ನು ಎರಡೂ ಕಡೆಯವರು ಕಟ್ಟಬೇಕಿತ್ತಲ್ಲ, ಅದು ಹೊಟ್ಟೆಗೆ ಬೀಳುವ ಪೆಟ್ಟು.

1994ರ ನವೆಂಬರಿನಲ್ಲಿ ಪೈಪೆಕ್ಸ್, ಡೀಮನ್, ಬ್ರಿಟಿಷ್ ಟೆಲಿಕಾಂ, ಜಾನೆಟ್ ಸೇರಿದಂತೆ ಐದು ಜಾಲಗಳ ಎಂಜಿನಿಯರುಗಳು ಇದಕ್ಕೊಂದು ಸರಳ ಉಪಾಯ ಹೂಡಿದರು. ಲಂಡನ್ನಿನ ಹಳೆಯ ಹಡಗುಕಟ್ಟೆಯ ಪ್ರದೇಶ ಡಾಕ್‌ಲ್ಯಾಂಡ್ಸ್. ಅಲ್ಲಿ ಟೆಲಿಹೌಸ್ ಎಂಬ ಕಟ್ಟಡದಲ್ಲಿ ಕಂಪನಿಗಳು ತಮ್ಮ ಯಂತ್ರಗಳನ್ನು ಬಾಡಿಗೆ ಜಾಗದಲ್ಲಿ ಇಟ್ಟುಕೊಳ್ಳುತ್ತಿದ್ದವು. ಎಲ್ಲರೂ ಅಲ್ಲಿಗೆ ಒಂದೊಂದು ತಂತಿ ತಂದು ಒಂದೇ ಪೆಟ್ಟಿಗೆಗೆ ಚುಚ್ಚಿದರೆ ಆಯಿತು. ಆ ಪೆಟ್ಟಿಗೆ ಸಿಸ್ಕೋ ಕಂಪನಿಯ ಕ್ಯಾಟಲಿಸ್ಟ್ 1200 ಎಂಬ ಸ್ವಿಚ್ಚು. ಅದರಲ್ಲಿ 10 ಮೆಗಾಬಿಟ್‌ನ ಎಂಟು ಪೋರ್ಟುಗಳಿದ್ದವು. ಎಂಟನ್ನೂ ಕೂಡಿದರೆ 80 ಮೆಗಾಬಿಟ್. ಇವತ್ತು ದಾವಣಗೆರೆಯ ಯಾವುದೋ ಓಣಿಯ ಒಂದೇ ಮನೆ ಅದಕ್ಕಿಂತ ಹೆಚ್ಚಿನ ವೇಗದ ಫೈಬರ್ ಹಾಕಿಸಿಕೊಳ್ಳುತ್ತದೆ. ಅಂದಿಗೆ ಅದು ಒಂದು ದೇಶದ ಇಂಟರ್ನೆಟ್ ಸಂತೆಕಟ್ಟೆ. ಲಂಡನ್ ಇಂಟರ್ನೆಟ್ ಎಕ್ಸ್‌ಚೇಂಜ್, ಅಂದರೆ ಲಿಂಕ್ಸ್, ಹುಟ್ಟಿದ್ದು ಹೀಗೆ.

ಪೆಟ್ಟಿಗೆ ಇಟ್ಟದ್ದು ದೊಡ್ಡ ಸಾಹಸವೇನಲ್ಲ, ಒಂದು ಮಧ್ಯಾಹ್ನದ ಕೆಲಸ. ಅದು ಯಾರದು ಎಂದು ತೀರ್ಮಾನಿಸಿದ್ದರಲ್ಲಿ ಜಾಣತನವಿತ್ತು. ಜಾನೆಟ್ ಬಿಟ್ಟರೆ ಉಳಿದವರೆಲ್ಲ ಒಬ್ಬರಿಗೊಬ್ಬರು ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳು. ಒಬ್ಬನ ಕೈಗೆ ಪೆಟ್ಟಿಗೆ ಕೊಟ್ಟರೆ ಅವನು ನಾಳೆ ಬಾಡಿಗೆ ಏರಿಸಬಹುದು, ಬೇಡದವನ ತಂತಿ ಕೀಳಬಹುದು, ಯಾರ ವ್ಯಾಪಾರ ಎಷ್ಟು ಬೆಳೆಯುತ್ತಿದೆ ಎಂದು ಕೂತಲ್ಲೇ ಅಳೆಯಬಹುದು. ಹಾಗಾಗಿ ಅವರು 1995ರಲ್ಲಿ ಷೇರು ಬಂಡವಾಳವೇ ಇಲ್ಲದ, ಲಾಭ ಹಂಚದ ಕಂಪನಿಯೊಂದನ್ನು ನೋಂದಾಯಿಸಿದರು. ಸೇರಿದವರು ಗಿರಾಕಿಯೂ ಹೌದು, ಒಡೆಯರೂ ಹೌದು. ಇಂದು ಅಲ್ಲಿ ನೂರಾರು ಸದಸ್ಯರಿದ್ದಾರೆ. ಗೂಗಲ್ ಇದೆ, ಬಿಬಿಸಿ ಇದೆ, ಸಣ್ಣ ಊರುಗಳಿಗೆ ಸಂಪರ್ಕ ಕೊಡುವ ಪುಟ್ಟ ಕಂಪನಿಗಳಿವೆ. ಮಹಾಸಭೆಯಲ್ಲಿ ಎಲ್ಲರದೂ ಒಂದೊಂದೇ ಮತ.

ಇದನ್ನು ಓದುವಾಗ ಗದಗ ಸೀಮೆಯ ಕಣಗಿನಹಾಳ ನೆನಪಾಗದೆ ಇರದು. 1905ರಲ್ಲಿ ಸಿದ್ಧನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ದೇಶದಲ್ಲೇ ಮೊದಲಿನದು ಎನ್ನುತ್ತಾರೆ. ಎಕರೆ ಎಷ್ಟಿದ್ದರೂ ಸದಸ್ಯನಿಗೆ ಒಂದೇ ಮತ ಎಂಬ ಸಹಕಾರಿ ನಿಯಮ ನಮ್ಮ ರೈತರಿಗೆ ಹೊಸದಲ್ಲ. ಲಂಡನ್ನಿನವರು ಗದಗಿನಿಂದ ಕಲಿತರು ಎಂದು ನಾನು ಹೇಳುತ್ತಿಲ್ಲ. ಸಹಕಾರದ ಮೂಲ ಬೇರು ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ, 1844ರಲ್ಲೇ ಇದೆ. ಆದರೆ ಕನ್ನಡದ ಓದುಗನಿಗೆ ಇಂಟರ್ನೆಟ್ ಎಕ್ಸ್‌ಚೇಂಜನ್ನು ಅರ್ಥಮಾಡಿಸಲು ತಂತ್ರಜ್ಞಾನದ ಪಾಠಕ್ಕಿಂತ ಸಹಕಾರಿ ಹಾಲಿನ ಡೇರಿ ಸುಲಭದ ದಾರಿ.

ಈ ಕೂಟದಲ್ಲಿ ನಡೆಯುವ ಕೊಡುಕೊಳ್ಳುವಿಕೆಗೆ ಪೀರಿಂಗ್ ಎನ್ನುತ್ತಾರೆ. ನಿನ್ನ ಗಿರಾಕಿಗಳಿಗೆ ಹೋಗಬೇಕಾದದ್ದನ್ನು ನಾನು ನೇರ ನಿನಗೇ ಕೊಡುತ್ತೇನೆ, ನನ್ನವರಿಗೆ ಬರಬೇಕಾದದ್ದನ್ನು ನೀನು ನನಗೆ ಕೊಡು, ಲೆಕ್ಕ ಇಡುವುದು ಬೇಡ. ಮುಯ್ಯಾಳು ಪದ್ಧತಿಯ ಹಾಗೆ: ನಾಟಿಗೆ ನೀನು ಬಾ, ಕೊಯ್ಲಿಗೆ ನಾನು ಬರುತ್ತೇನೆ. ಸಂಘಕ್ಕೆ ಸದಸ್ಯತ್ವದ ಶುಲ್ಕ ಮತ್ತು ಪೋರ್ಟಿನ ಬಾಡಿಗೆ ಕಟ್ಟಿದರೆ ಮುಗಿಯಿತು. ಪೋರ್ಟಿನಲ್ಲಿ ಎಷ್ಟು ಹರಿದರೂ ಮೇಲೆ ಕಾಸಿಲ್ಲ.

ಕಾಗದಪತ್ರ? ಅದೇ ಸೋಜಿಗ. 2011ರಲ್ಲಿ ಪ್ಯಾಕೆಟ್ ಕ್ಲಿಯರಿಂಗ್ ಹೌಸ್ ಎಂಬ ಸಂಸ್ಥೆ ಜಗತ್ತಿನ 1,42,000ಕ್ಕೂ ಹೆಚ್ಚು ಪೀರಿಂಗ್ ಒಪ್ಪಂದಗಳನ್ನು ಪರಿಶೀಲಿಸಿತು. ಲಿಖಿತ ಕರಾರು ಇದ್ದದ್ದು 698ಕ್ಕೆ ಮಾತ್ರ. ಉಳಿದ ಶೇ 99.51ರಷ್ಟು ಬರೀ ಕೈಕುಲುಕಿದ ಮಾತು. ಒಂದೊಂದು ಸೇವೆಗೂ ‘ಒಪ್ಪಿದ್ದೇನೆ’ ಎಂದು ನಮ್ಮಿಂದ ಹತ್ತು ಪುಟದ ಷರತ್ತಿಗೆ ಒತ್ತಿಸಿಕೊಳ್ಳುವ ಕಂಪನಿಗಳು ತಮ್ಮತಮ್ಮೊಳಗೆ ವ್ಯವಹರಿಸುವುದು ಮಾತಿನ ಮೇಲೆ! ಈ ಜಾಲಗಳು ಪರಸ್ಪರ ದಾರಿ ಹೇಳಿಕೊಳ್ಳುವ ಬಿಜಿಪಿ ಎಂಬ ನಿಯಮಾವಳಿಯೂ ಇಂಥದ್ದೇ ಸಲಿಗೆಯಲ್ಲಿ ಹುಟ್ಟಿದ್ದು. 1989ರಲ್ಲಿ ಯಾಕೊವ್ ರೆಖ್ಟರ್ ಮತ್ತು ಕರ್ಕ್ ಲಾಹೀಡ್ ಎಂಬ ಇಬ್ಬರು ಎಂಜಿನಿಯರುಗಳು ಊಟದ ಮೇಜಿನ ಮೇಲಿದ್ದ ಕಾಗದದ ಕೈವಸ್ತ್ರದಲ್ಲಿ ಅದರ ಮೊದಲ ನಕಾಶೆ ಗೀಚಿದರು. ನಂಬಿಕೆಯ ಮೇಲೆ ನಿಂತ ಈ ಏರ್ಪಾಡಿಗೆ ಪೆಟ್ಟೂ ಬಿದ್ದಿದೆ. 2008ರ ಫೆಬ್ರುವರಿಯಲ್ಲಿ ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟು, ‘ಯೂಟ್ಯೂಬಿಗೆ ದಾರಿ ನನ್ನಲ್ಲಿದೆ’ ಎಂಬ ತಪ್ಪು ಸಾರಿಕೆಯನ್ನು ಹೊರಜಗತ್ತಿಗೂ ಬಿಟ್ಟಿತು. ಜಗತ್ತು ನಂಬಿತು. ಸುಮಾರು ಎರಡು ಗಂಟೆ ಎಷ್ಟೋ ದೇಶಗಳಲ್ಲಿ ಯೂಟ್ಯೂಬ್ ಸಿಗಲಿಲ್ಲ. ಈಗ ಸಂಘಗಳ ವರದಿಗಳಲ್ಲಿ ಆರ್‌ಪಿಕೆಐ ಎಂಬ ಅಕ್ಷರಗಳು ಮತ್ತೆಮತ್ತೆ ಕಾಣುವುದು ಇಂಥ ಸುಳ್ಳು ಸಾರಿಕೆಗಳನ್ನು ಬಾಗಿಲಲ್ಲೇ ಸೋಸಲಿಕ್ಕೆ. ಪಹಣಿ ತೋರಿಸದೆ ಹೊಲ ತನ್ನದೆನ್ನುವವನ ಮಾತು ಕೇಳಬೇಡಿ ಎಂಬಷ್ಟೇ ಅದರ ಸಾರ.

ಇನ್ನು ವರದಿಯ ಆ ‘ನಡುರಾತ್ರಿಯ ಕೆಲಸ’ಕ್ಕೆ ಬರೋಣ. ನಮ್ಮ ಪತ್ರಿಕೆಗಳ ಒಳಪುಟದಲ್ಲಿ ‘ಇಂದು ವಿದ್ಯುತ್ ವ್ಯತ್ಯಯ’ ಎಂದು ಬರುವ ಪ್ರಕಟಣೆಗೆ ಇದು ಅಣ್ಣತಮ್ಮ. ವ್ಯತ್ಯಾಸವೆಂದರೆ, ಇಲ್ಲಿ ಕೆಲಸ ಮುಗಿದ ಮೇಲೆ ಏನು ಕೈಕೊಟ್ಟಿತು, ಏಕೆ ಕೈಕೊಟ್ಟಿತು ಎಂದೂ ಸದಸ್ಯರಿಗೆ ಬರೆದು ಒಪ್ಪಿಸಬೇಕು. ಲಿಂಕ್ಸ್ ಬಹಳ ವರ್ಷಗಳಿಂದ ಲಂಡನ್ನಿನಲ್ಲಿ ಎರಡು ಪ್ರತ್ಯೇಕ ಜಾಲಗಳನ್ನು, ಬೇರೆಬೇರೆ ತಯಾರಕರ ಯಂತ್ರಗಳಿಂದ, ನಡೆಸುತ್ತ ಬಂದಿದೆ. ಒಂದು ಕಂಪನಿಯ ಸಾಫ್ಟ್‌ವೇರಿನ ದೋಷ ಎರಡನ್ನೂ ಒಟ್ಟಿಗೆ ಮಲಗಿಸಬಾರದು ಎಂದು. ಖರ್ಚು ದುಪ್ಪಟ್ಟು. ಲಾಭದ ಕಂಪನಿಯಾಗಿದ್ದರೆ ಯಾರೋ ಲೆಕ್ಕಪರಿಶೋಧಕ ಮೊದಲ ವರ್ಷವೇ ಒಂದನ್ನು ಕಿತ್ತುಹಾಕಿಸುತ್ತಿದ್ದನೇನೋ. 2016ರ ಜುಲೈನಲ್ಲಿ ಡಾಕ್‌ಲ್ಯಾಂಡ್ಸ್‌ನ ಒಂದು ಡೇಟಾ ಕೇಂದ್ರದಲ್ಲಿ ವಿದ್ಯುತ್ ಕೈಕೊಟ್ಟು ಬ್ರಿಟನ್ನಿನ ಬಹಳಷ್ಟು ಮನೆಗಳ ಇಂಟರ್ನೆಟ್ ಹೋಯಿತು. ಮರುದಿನ ಇನ್ನೊಂದು ಕಟ್ಟಡದಲ್ಲೂ ಅದೇ ಕಥೆ. ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿಡುವುದು ಎಷ್ಟು ಅಪಾಯ ಎಂಬ ಚರ್ಚೆ ಆಗ ಜೋರಾಯಿತು.

ಸಂಘವೆಂದ ಮೇಲೆ ಜಗಳ ಇರಲೇಬೇಕು. ಆಮ್‌ಸ್ಟರ್‌ಡ್ಯಾಮ್ ಎಕ್ಸ್‌ಚೇಂಜ್ ಕೂಡ 1997ರಲ್ಲಿ ನೋಂದಾಯಿತವಾದ ಸದಸ್ಯರ ಸಂಘ. 2013ರಲ್ಲಿ ಅದು ಅಮೆರಿಕದಲ್ಲಿ ಶಾಖೆ ತೆರೆಯಲು ಯೋಚಿಸಿತು. ಅದೇ ವರ್ಷದ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗೂಢಚಾರ ಸಂಸ್ಥೆಗಳು ಜಾಲದ ಮೇಲಿಟ್ಟ ಕಣ್ಗಾವಲಿನ ಸಂಗತಿ ಹೊರಹಾಕಿದ್ದರು. ಅಲ್ಲಿ ಕಂಪನಿ ತೆರೆದರೆ ಅಲ್ಲಿಯ ಕಾನೂನಿನ ಕೈ ಆಮ್‌ಸ್ಟರ್‌ಡ್ಯಾಮಿನ ಸ್ವಿಚ್ಚಿನವರೆಗೂ ಚಾಚುವುದಿಲ್ಲವೇ ಎಂದು ಸದಸ್ಯರು ಎದ್ದು ನಿಂತರು. ಸೆಪ್ಟೆಂಬರಿನಲ್ಲಿ ವಿಷಯ ಮತಕ್ಕೆ ಹೋಯಿತು. ಕಾನೂನಿನ ಮಟ್ಟಿಗೆ ಪೂರ್ತಿ ಬೇರೆಯಾದ ಕಂಪನಿ ಮಾಡಿ ಮುಂದುವರಿಯಿರಿ ಎಂದು ಬಹುಮತ ಹೇಳಿತು. ತೀರ್ಮಾನ ಸರಿಯೋ ತಪ್ಪೋ, ನನಗೆ ಮುಖ್ಯವೆನಿಸುವುದು ಅದು ಆದ ಬಗೆ. ಯೂರೋಪಿನ ಒಂದು ದೊಡ್ಡ ಕೂಡುರಸ್ತೆ ಯಾವ ಕಾನೂನಿನ ನೆರಳಿಗೆ ಹೋಗಬೇಕು ಎಂಬುದನ್ನು ಅದನ್ನು ಬಳಸುವವರೇ ಕೈ ಎತ್ತಿ ನಿರ್ಧರಿಸಿದರು.

ಸರ್ಕಾರಕ್ಕೂ ಇಂಥ ಸಂಘಗಳು ಬೇಕಾಗುತ್ತವೆ, ಕೆಲವೊಮ್ಮೆ ಬೇಕಾದದ್ದಕ್ಕಿಂತ ಹೆಚ್ಚು. 1996ರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳು ಇಂಟರ್ನೆಟ್ ಸೇವಾದಾರರ ಯಂತ್ರಗಳ ಮೂಲಕ ಹರಡುತ್ತಿವೆ ಎಂದು ಲಂಡನ್ ಪೊಲೀಸರು ಎಚ್ಚರಿಕೆ ಕೊಟ್ಟಾಗ, ಲಿಂಕ್ಸ್ ಮತ್ತು ಸೇವಾದಾರರ ಸಂಘ ಸರ್ಕಾರದೊಂದಿಗೆ ಕೂತು ಒಪ್ಪಂದಕ್ಕೆ ಬಂದವು. ಇಂಟರ್ನೆಟ್ ವಾಚ್ ಫೌಂಡೇಶನ್ ಎಂಬ ನಿಗಾ ಸಂಸ್ಥೆ ಬಂದದ್ದು ಅದರಿಂದಲೇ. ಒಳ್ಳೆಯ ಕೆಲಸ. ಆದರೆ ಎಲ್ಲರೂ ಹಾದುಹೋಗುವ ಬಾಗಿಲು ಒಂದಿದ್ದರೆ, ಅದಕ್ಕೆ ಬೀಗ ಹಾಕಿಸುವ ಆಸೆ ಅಧಿಕಾರದಲ್ಲಿದ್ದವರಿಗೆ ಬಂದೇ ಬರುತ್ತದೆ. ವರದಿಯ ‘ಮಸೂದೆ’ ವಿಭಾಗವನ್ನು ನಾನು ಎರಡು ಸಲ ಓದುವುದು ಇದಕ್ಕೇ.

ಬಾಗಿಲಿಗೆ ಬೀಗ ಬಿದ್ದ ಕಥೆ ನೈರೋಬಿಯಲ್ಲಿದೆ. 2000ನೇ ಇಸವಿಯಲ್ಲಿ ಕೀನ್ಯಾಕ್ಕೆ ಸಮುದ್ರದಡಿಯ ಕೇಬಲ್ಲೇ ಇರಲಿಲ್ಲ, ಮೊದಲನೆಯವು ಬಂದದ್ದು 2009ರಲ್ಲಿ. ನೈರೋಬಿಯ ಒಬ್ಬ ಸೇವಾದಾರನಿಂದ ಇನ್ನೊಬ್ಬನಿಗೆ ಹೋಗುವ ಈಮೇಲ್ ಉಪಗ್ರಹಕ್ಕೆ ಏರಿ, ಯೂರೋಪಿಗೋ ಅಮೆರಿಕಕ್ಕೋ ಇಳಿದು, ಮತ್ತೆ ಏರಿ ಇಳಿಯುತ್ತಿತ್ತು. ಟೆಸ್ಪಾಕ್ ಎಂಬ ಸೇವಾದಾರರ ಸಂಘ ಚಂದಾ ಎತ್ತಿ, 2000ದ ನವೆಂಬರಿನಲ್ಲಿ ಕಿಕ್ಸ್‌ಪಿ ಎಂಬ ಎಕ್ಸ್‌ಚೇಂಜ್ ತೆರೆಯಿತು. ಟೆಲ್ಕಾಂ ಕೀನ್ಯಾ ಎಂಬ ಸರ್ಕಾರಿ ದೂರವಾಣಿ ಕಂಪನಿ ಸಿಡಿದೆದ್ದಿತು: ಅಂತರರಾಷ್ಟ್ರೀಯ ಸಂಪರ್ಕದ ಏಕಸ್ವಾಮ್ಯ ತನ್ನದು, ಇವರು ಅದನ್ನು ಮುರಿದಿದ್ದಾರೆ ಎಂದು. ಸ್ವಲ್ಪ ಯೋಚಿಸಿ ನೋಡಿ. ಒಂದೇ ಊರಿನ ನಾಲ್ಕಾರು ತಂತಿ ಒಂದು ಕೋಣೆಯಲ್ಲಿ ಕೂಡಿದ್ದನ್ನು ಪರದೇಶ ವ್ಯವಹಾರವೆಂದು ಕರೆಯಲಾಯಿತು! ಕಂಪನಿಗೆ ಹೊಟ್ಟೆಯುರಿದದ್ದು ಬೇರೆ ಕಾರಣಕ್ಕೆ. ಊರೊಳಗಿನ ಮಾತು ಊರೊಳಗೇ ಮುಗಿದರೆ ಅದು ಮಾರುತ್ತಿದ್ದ ದುಬಾರಿ ಪರದೇಶದ ತಂತಿ ಅಷ್ಟು ಬೇಕಾಗುವುದಿಲ್ಲ. ನಿಯಂತ್ರಕರು ಎರಡು ವಾರದೊಳಗೆ ಬೀಗ ಹಾಕಿಸಿದರು.

ಸಂಘ ಬಿಡಲಿಲ್ಲ. ಇದು ಯಾರಿಗೂ ಸಂಪರ್ಕ ಮಾರುವ ಅಂಗಡಿಯಲ್ಲ, ನಾವು ನಾವೇ ಬಳಸುವ ಒಳಕೂಟ ಎಂದು ವಾದಿಸಿತು, ಮೇಲ್ಮನವಿಗೆ ಹೋಯಿತು. ಕೊನೆಗೆ ಪರವಾನಗಿ ಸಿಕ್ಕಿ 2002ರ ಫೆಬ್ರುವರಿಯಲ್ಲಿ ಬಾಗಿಲು ಮತ್ತೆ ತೆರೆಯಿತು. ಹತ್ತು ವರ್ಷಗಳ ನಂತರ ಇಂಟರ್ನೆಟ್ ಸೊಸೈಟಿ ಮಾಡಿಸಿದ ಅಧ್ಯಯನ ಲೆಕ್ಕ ಕೊಟ್ಟಿತು. ಊರೊಳಗಿನ ಸಂದೇಶಕ್ಕೆ ಹಿಂದೆ 200ರಿಂದ 600 ಮಿಲಿಸೆಕೆಂಡು ಹಿಡಿಯುತ್ತಿದ್ದದ್ದು 2ರಿಂದ 10 ಮಿಲಿಸೆಕೆಂಡಿಗೆ ಇಳಿದಿತ್ತು. ವರ್ಷಕ್ಕೆ ಸುಮಾರು 15 ಲಕ್ಷ ಡಾಲರ್ ಪರದೇಶ ಸಂಪರ್ಕದ ಖರ್ಚು ಉಳಿಯುತ್ತಿತ್ತು. ಈಚೆಗೆ ಲಂಡನ್ನಿನ ಲಿಂಕ್ಸ್ ಸಂಘವೂ ನೈರೋಬಿಯಲ್ಲಿ ಕೇಂದ್ರ ತೆರೆದಿದೆ.

ನಮ್ಮ ದೇಶದ ಲೆಕ್ಕ ಬೇರೆಯೇ ಹಾದಿ ಹಿಡಿಯಿತು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು, 1998ರಲ್ಲಿ ಖಾಸಗಿಯವರು ಬಂದರು. ಇಲ್ಲಿಯೂ ಪಕ್ಕದ ಮನೆಗೆ ಹೋಗುವ ಸಂದೇಶ ಪರದೇಶ ಸುತ್ತುತ್ತಿತ್ತು. 2003ರಲ್ಲಿ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಹುಟ್ಟಿತು. ಲಾಭರಹಿತ ಕಂಪನಿ, ಸೇವಾದಾರರೇ ಸದಸ್ಯರು, ಆದರೆ ಆಡಳಿತ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ. ಕನ್ನಡ ಲಿಪಿಯ ‘.ಭಾರತ’ ವಿಳಾಸಗಳ ಉಸ್ತುವಾರಿಯೂ ಈ ಸಂಸ್ಥೆಯದೇ.

ನಿಕ್ಸಿಯ ಒಂದು ನಿಯಮ ಮಾತ್ರ ನನಗೆ ಇವತ್ತಿಗೂ ಅರ್ಥವಾಗದ ಒಗಟು. ಬೇರೆ ಕಡೆ ಪೀರಿಂಗ್ ಎಂದರೆ ಲೆಕ್ಕವಿಲ್ಲದ ಮುಯ್ಯಿ. ಇಲ್ಲಿ ಬಹುಕಾಲ, ಕೊಟ್ಟದ್ದಕ್ಕಿಂತ ಹೆಚ್ಚು ತೆಗೆದುಕೊಂಡವನು ಆ ಹೆಚ್ಚಿನದಕ್ಕೆ ಹಣ ಕಟ್ಟಬೇಕಿತ್ತು. ಮನೆಮನೆಗೆ ಇಂಟರ್ನೆಟ್ ಕೊಡುವ ಕಂಪನಿ ಸಹಜವಾಗಿಯೇ ತೆಗೆದುಕೊಳ್ಳುವುದೇ ಹೆಚ್ಚು, ನಾವು ನೋಡುವುದು ಹೆಚ್ಚು, ಕಳಿಸುವುದು ಕಡಿಮೆ. ಹಾಗಾಗಿ ಯಾರು ಕಟ್ಟೆಗೆ ಬರಬೇಕಿತ್ತೋ ಅವರಿಗೇ ಬಂದರೆ ನಷ್ಟ. ಮೇಲೆ ಸೇವಾದಾರರ ಪರವಾನಗಿ ಇದ್ದವರಿಗಷ್ಟೇ ಪ್ರವೇಶವಿತ್ತು. ವಿಡಿಯೊ, ಹುಡುಕಾಟ, ಸಾಮಾಜಿಕ ಜಾಲ ನಡೆಸುವ ಕಂಪನಿಗಳು ವರ್ಷಗಟ್ಟಲೆ ಹೊರಗೇ ನಿಂತವು. ಮುಯ್ಯಾಳಿಗೆ ಕೂಲಿ ನಿಗದಿ ಮಾಡಿ, ಗದ್ದೆಯಿದ್ದವನನ್ನು ಬೇಲಿಯಾಚೆ ನಿಲ್ಲಿಸಿದ ಹಾಗಾಯಿತು. ಖಾಲಿ ಬಿಟ್ಟ ಜಾಗಕ್ಕೆ ಹೊರಗಿನವರು ಬಂದರು. ಮುಂಬೈನಲ್ಲಿ ಎಕ್ಸ್‌ಚೇಂಜ್ ನಡೆಸುವ ಡಿಇ-ಸಿಕ್ಸ್ ಮೂಲತಃ ಫ್ರಾಂಕ್‌ಫರ್ಟಿನದು. ಅದರ ಒಡೆತನ ಇಕೋ ಎಂಬ ಸಂಘದ್ದು. ಇಕೋ ಎಂದರೆ ಜರ್ಮನಿಯ ಇಂಟರ್ನೆಟ್ ಉದ್ಯಮದವರು 1995ರಲ್ಲಿ ಕಟ್ಟಿಕೊಂಡ ಸದಸ್ಯರ ಸಂಘ. ನಮ್ಮ ಸೊಸೈಟಿ ಸೊರಗಿದ ಕಡೆ ಜರ್ಮನ್ನರ ಸೊಸೈಟಿ ಮಳಿಗೆ ಹಾಕಿತು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ನನ್ನ ಮನೆಯಿಂದ ಮಲ್ಲೇಶ್ವರದ ಗೆಳೆಯನೊಬ್ಬನ ಕಂಪ್ಯೂಟರಿಗೆ ಕಡತ ಕಳಿಸುತ್ತಿದ್ದೆ. ಆಮೆವೇಗ. ಸಂದೇಶ ಯಾವ ಯಾವ ಊರು ಹಾದುಹೋಗುತ್ತದೆಂದು ತೋರಿಸುವ ಟ್ರೇಸ್‌ರೂಟ್ ಆದೇಶ ಕೊಟ್ಟು ನೋಡಿದರೆ ನಡುವೆ ಸಿಂಗಪುರ ಇಣುಕಿತು. ಆಟೊದಲ್ಲಿ ಅರ್ಧ ಗಂಟೆಯ ದಾರಿಗೆ ಸಮುದ್ರ ಯಾನ. ನನ್ನ ಸೇವಾದಾರನೂ ಅವನ ಸೇವಾದಾರನೂ ಈ ಊರಿನಲ್ಲಿ ಎಲ್ಲಿಯೂ ಭೇಟಿಯಾಗುತ್ತಿರಲಿಲ್ಲ. ಗ್ರಾಹಕ ಸೇವೆಗೆ ಕರೆ ಮಾಡಿದೆ. ‘ಸರ್, ರೂಟರ್ ಆಫ್ ಮಾಡಿ ಆನ್ ಮಾಡಿ’ ಅಂದರು. ಮಾಡಿದೆ. ಸಿಂಗಪುರ ಕದಲಲಿಲ್ಲ. ಲಂಡನ್ನಿನವರು 1994ರಲ್ಲಿ ಕಳಚಿಕೊಂಡ ಕೊಂಕಣ-ಮೈಲಾರದ ಹಾದಿಯಲ್ಲಿ ನಾನು ನಿಂತಿದ್ದೆ.

ನಿಮ್ಮ ಸೇವಾದಾರ ಬೇರೆ ಜಾಲಗಳನ್ನು ಎಲ್ಲೆಲ್ಲಿ ಕೂಡುತ್ತಾನೆ ಎಂದು ನೀವೂ ನೋಡಬಹುದು. ಪೀರಿಂಗ್‌ಡಿಬಿ ಎಂಬ ಸಾರ್ವಜನಿಕ ಪಟ್ಟಿಯಿದೆ, ಯಾವ ಜಾಲ ಯಾವ ಊರಿನ ಯಾವ ಎಕ್ಸ್‌ಚೇಂಜಿನಲ್ಲಿ ಎಷ್ಟು ದೊಡ್ಡ ಪೋರ್ಟು ಇಟ್ಟುಕೊಂಡಿದೆ ಎಂದು ಅಲ್ಲಿ ಆಯಾ ಜಾಲದವರೇ ಬರೆದಿರುತ್ತಾರೆ. ನೋಡಲು ದುಡ್ಡು ಕೊಡಬೇಕಿಲ್ಲ. ಅದನ್ನು ನಡೆಸುವುದೂ ಒಂದು ಸದಸ್ಯರ ಸಂಘವೇ. ನಿಮ್ಮ ಸೇವಾದಾರನ ಹೆಸರು ಹಾಕಿ ಹುಡುಕಿ. ಬೆಂಗಳೂರು, ಮುಂಬೈ, ಚೆನ್ನೈ ಕಂಡರೆ ಸರಿ. ಕಾಣದಿದ್ದರೆ, ಮುಂದಿನ ತಿಂಗಳು ಬಿಲ್ಲು ಕಟ್ಟುವಾಗ ಏಕೆಂದು ಅವರನ್ನು ಕೇಳಿ.